ತವರಿನ ವೈರು

ಯುನೂಸ ಏಣಿಯನ್ನು ಕಂಬಕ್ಕೆ ಆನಿಸಿದ. ಆದರೆ ಹತ್ತಲಿಲ್ಲ. ಕೊರಳಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕೂತ. ಆಮೇಲೆ ಸೊಂಟದಿಂದ ವೈರು ಕಡಿಯುವ ಪಕ್ಕಡ ತೆಗೆದು ಸಿದ್ದಲಿಂಗನ ಕಡೆ ಚಾಚಿದ.

"ಏನಲೇ ಇದು?"

"ಈ ಕಂಬ ನೀವ ಹತ್ರಿ ಮಾಲಕ್ರ. ನಾ ಹತ್ತಂಗಿಲ್ಲ."

"ಯಾಕ, ಕಾಲ ಬಿದ್ದಾವೇನ ನಿನ್ನೂ?"

"ಕಾಲ ಗಟ್ಟಿ ಅದಾವ್ರಿ. ಮನಸ್ಸ ಒಲ್ಲೆ ಅಂತೈತಿ."

"ಮುಂಜಾನಿಂದ ಮಂಗ್ಯಾನಂಗ ಇಡೀ ಸಿಂದಗಿ ಕಂಬ ಹತ್ತಿ ಇಳದಿ. ಕಡೀ ಕಂಬಕ್ಕ ಬಂದಮ್ಯಾಗ ಮನಸ್ಸ ನೆನಪಾತೇನ? ಏಳ, ಹತ್ತ."

"ನಾಳಿಂದ ನಾ ನಿಮ್ಮ ಆಳ ಅಲ್ರಿ. ಕಂಪನಿಯವ್ರು ನನ್ನ ತಗೊಂಡಿಲ್ಲ. ಇವತ್ತ ಒಂದ ದಿನ ಆದ್ರೂ ನಿಮ್ಮ ಮಾತ ಕೇಳದ ಇರ್ತೇನಿ. ಇಷ್ಟ ವರ್ಷ ಕೇಳಿ ಕೇಳಿ ಕಿವಿ ತೂತ ಬಿದ್ದಾವ."

ಸಿದ್ದಲಿಂಗನಿಗೆ ಸಿಟ್ಟು ಬಂತು. ಬೆಳಿಗ್ಗೆ ಅವನಿಗಿಂತ ಮೊದಲು ಅವನ ಸಿಟ್ಟು ಹಾಸಿಗೆ ಬಿಟ್ಟು ಏಳುತ್ತದೆ ಎಂದು ಮನೆಯಲ್ಲಿ ಆಡಿಕೊಳ್ಳುತ್ತಿದ್ದರು. ಆದರೆ ಈಚೆಗೆ ಬಂದ ಸಿಟ್ಟು ನಿಲ್ಲುತ್ತಿರಲಿಲ್ಲ. ಬೈಯಲು ಬಾಯಿ ತೆರೆಯುವಷ್ಟರಲ್ಲಿ ದಣಿವಾಗಿ, ಎಲ್ಲಾದರೂ ನೆರಳಿನಲ್ಲಿ ಕೂತುಬಿಡಬೇಕೆನಿಸುತ್ತಿತ್ತು. ಅವನು ಪಕ್ಕಡ ಇಸಿದುಕೊಳ್ಳಲಿಲ್ಲ. ತಿರುಗಿ ಓಣಿಯ ಕಡೆಗೂ ನೋಡಲಿಲ್ಲ. ಓಣಿಗೆ ಕಾಲಿಟ್ಟಾಗಿನಿಂದ ಅವನು ಕಂಬವನ್ನು ಬಿಟ್ಟು ಬೇರೆ ಏನನ್ನೂ ನೋಡಿರಲಿಲ್ಲ.

ಬೇವಿನ ಗಿಡದ ಆಚೆಗಿನ ನೀಲಿ ಬಾಗಿಲಿನ ಮನೆ ಅವನ ಅಕ್ಕ ಕಸ್ತೂರೆವ್ವನದು. ಅವ್ವ ತೀರಿಕೊಂಡ ಮೇಲೆ ಅವನ ತಲೆ ಬಾಚಿ, ಚಡ್ಡಿಗೆ ಗುಂಡಿ ಹಚ್ಚಿ ಶಾಲೆಗೆ ಅಟ್ಟಿದವಳು ಅವಳೇ. ಆ ಬಾಗಿಲಿಗೆ ಅವನು ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಊರು ದೊಡ್ಡದೇನಲ್ಲ. ಒಂದೇ ಸಂತೆ, ಒಂದೇ ಬಸ್ ಸ್ಟ್ಯಾಂಡು. ಆದರೂ ಒಬ್ಬ ಮನುಷ್ಯ ಬೇಡವೆಂದರೆ ಒಂದು ಓಣಿಯನ್ನು ಜೀವಮಾನವಿಡೀ ತಪ್ಪಿಸಿಕೊಂಡು ಓಡಾಡಬಹುದು.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕಂಪನಿಯ ಇಂಜಿನಿಯರು ಭಾಗ್ಯಜ್ಯೋತಿ.

"ಸರ್, ಆ ಕಡೀ ಓಣಿ ಫೋಟೋ ಇನ್ನೂ ಬಂದಿಲ್ರಿ."

"ಬರ್ತೈತಿ ತಂಗಿ."

"ಹಳೇ ವೈರ್ ಒಂದೂ ಉಳೀಬಾರ್ದ್ರಿ. ಸಂಜಿಗೆ ನಾ ಬಂದು ಕಂಟ್ರೋಲ್ ರೂಮ್ ಬಂದ್ ಮಾಡಿ ಕೀಲಿ ತಗೋತೇನಿ. ನೀವು ಬಿಸಲಾಗ ನಿಂದರಬ್ಯಾಡ್ರಿ ಸರ್. ಕೆಲಸದವ್ರಿಗೆ ಹೇಳಿ ನೀವು ನೆಳ್ಳಾಗ ಕುಂದರ್ರಿ."

"ಕೆಲಸದವನ ನೆಳ್ಳಾಗ ಕುಂತಾನ" ಎಂದು ಸಿದ್ದಲಿಂಗ ಫೋನು ಇಟ್ಟ.

ಯುನೂಸ ನಕ್ಕ. ಸಿದ್ದಲಿಂಗನ ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ನೇತಾಡುತ್ತಿತ್ತು. ಅದರಲ್ಲಿ ಅವನ ಫೋಟೋದ ಕೆಳಗೆ 'ಏರಿಯಾ ಹೆಡ್' ಎಂದು ಬರೆದಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲೂಕಿನಲ್ಲಿ ಕೇಬಲ್ ಟಿ.ವಿ.ಯ ಮಾಲೀಕನಾಗಿದ್ದವನಿಗೆ ಆ ನಾಲ್ಕು ತಾಲೂಕಿನ ಹೆಸರನ್ನೇ ಚೀಟಿಯಲ್ಲಿ ಬರೆದು ಕೊರಳಿಗೆ ಕಟ್ಟಿದ್ದರು.

ಅವನು ಸುರು ಮಾಡಿದ್ದು ವಿಡಿಯೋ ಕ್ಯಾಸೆಟ್ಟಿನಿಂದ. ಮೋರಟಗಿಯ ಮದುವೆ ಮನೆಗಳಿಗೆ, ಹಲಸಂಗಿಯ ಸೀಮಂತಗಳಿಗೆ ಟಿ.ವಿ.ಯನ್ನು ಸೈಕಲ್ಲಿನ ಹಿಂದೆ ಕೌದಿಯಲ್ಲಿ ಸುತ್ತಿ ಒಯ್ಯುತ್ತಿದ್ದ. ಆಮೇಲೆ ಮನೆಯ ಮಾಳಿಗೆಯ ಮೇಲೆ ಜಾಲರಿಯ ದೊಡ್ಡ ಡಿಶ್ ಛತ್ರಿ ನಿಲ್ಲಿಸಿದ. ಮಳೆಯೇ ಬಾರದ ಊರಲ್ಲಿ ಮಳೆನೀರು ಹಿಡಿಯಲು ಬೋಗುಣಿ ಇಟ್ಟಿದ್ದಾನೆ ಎಂದು ನಕ್ಕವರೇ ಆರು ತಿಂಗಳಲ್ಲಿ ವೈರು ಕೊಡು ಎಂದು ಬಾಗಿಲಿಗೆ ಬಂದರು. ಅವನು ಕಂಬ ಹತ್ತಿ ವೈರು ಜೋಡಿಸಿ "ಬಂತೇನು?" ಎಂದು ಕೂಗುತ್ತಿದ್ದ. ಒಳಗೆ ಟಿ.ವಿ. ಮುಂದೆ ಕೂತವರು "ಇಲ್ಲ, ಇಲ್ಲ, ಹಾಂ ಬಂತು, ಏ ಮತ್ತ ಹೋತು" ಎನ್ನುವರು. ಮನೆ ದೂರವಾದರೆ ನಡುವಿನ ಮನೆಗಳವರು ಕಟ್ಟೆಯ ಮೇಲೆ ನಿಂತು ಆ ಪ್ರಶ್ನೆಯನ್ನು ಒಳಗೆ, ಆ ಉತ್ತರವನ್ನು ಹೊರಗೆ ದಾಟಿಸುವರು. "ಬಂತು" ಎಂಬ ಮಾತು ಕಂಬದವರೆಗೆ ಬಂದು ಮುಟ್ಟಿದ ಮೇಲೇ ಇಳಿಯಬೇಕು. ಅದು ಅವನು ಹಾಕಿದ ಶಿಸ್ತು. ಯುನೂಸನಿಗೂ ಅದನ್ನೇ ಕಲಿಸಿದ್ದ.

ಹೀಗೆ ಊರಿನಿಂದ ಊರಿಗೆ ಹೋದ. ಆಲಮಟ್ಟಿಯ ಕಾಲುವೆ ನೌಕರರ ಕ್ವಾರ್ಟರ್ಸಿನವರೆಗೂ ಅವನ ವೈರು ಹೋಗಿತ್ತು. ಜೀಪು ಬಂತು, ಕಂಟ್ರೋಲ್ ರೂಮು ಬಂತು, ಸ್ವಂತ ಲೋಕಲ್ ಚಾನೆಲ್ಲು ಬಂತು. ಪ್ರತಿದಿನ ಬೆಳಿಗ್ಗೆ ಒಂದು ಹಸಿರು ಪರದೆಯ ಮುಂದೆ ಕೂತು ಅವನೇ ಸುದ್ದಿ ಓದುತ್ತಿದ್ದ. ಇವತ್ತು ಯಾವ ಓಣಿಗೆ ನಳ ಬರುತ್ತದೆ, ಕರೆಂಟು ಎಷ್ಟು ಹೊತ್ತಿಗೆ ಹೋಗುತ್ತದೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಯಾರು ತೀರಿಕೊಂಡರು. ಜನ ಚಹಾ ಕುಡಿಯುತ್ತ ಅವನ ಮುಖ ನೋಡುತ್ತಿದ್ದರು. ಈಗ ಎಮ್ಮೆ ಹಿಂಡುವವನೂ ಮೊಣಕಾಲಿನ ಮೇಲೆ ಫೋನು ಇಟ್ಟುಕೊಂಡು ಜಗತ್ತನ್ನೇ ನೋಡುತ್ತಾನೆ. ಹೊಸ ಸಣ್ಣ ಗಾಜಿನ ಫೈಬರ್ ವೈರು ಬಂದಿತು. ಕಂಪನಿ ಬಂದು ಅವನ ಕೇಬಲ್ ಕೊಂಡುಕೊಂಡಿತು. ಹಳೆಯ ವೈರು ಕಂಬಗಳಿಂದ ಇಳಿಸಿಕೊಡಬೇಕು, ಲೋಕಲ್ ಚಾನೆಲ್ಲು ಇವತ್ತು ಸಂಜೆಗೆ ಬಂದ್ ಆಗಬೇಕು. ಅವನ ಕೊನೆಯ ನಮಸ್ಕಾರವನ್ನು ನಿನ್ನೆಯೇ ಚಿತ್ರೀಕರಿಸಿ, ಬೆಳಿಗ್ಗೆಯಿಂದ ಅದನ್ನೇ ಮತ್ತೆ ಮತ್ತೆ ಹಾಕುತ್ತಿದ್ದರು.

"ಏಳ, ಸರಿ ಆ ಕಡೆ" ಎಂದ ಸಿದ್ದಲಿಂಗ.

ಯುನೂಸ ಎದ್ದು ಏಣಿ ಬಿಟ್ಟ. "ಹಿಡೀಲೇನ್ರಿ?"

"ಬ್ಯಾಡ. ಕಂಬ ಹತ್ತೂದ ನಿನಗ ಕಲಿಸಿದವ ನಾನ. ಸುಮ್ಮ ಕುಂದರ."

ಅವನು ಚಪ್ಪಲಿ ಬಿಚ್ಚಿ, ಯುನೂಸನ ಕೈಯಿಂದ ಪಕ್ಕಡ ಕಸಿದು ಬಾಯಲ್ಲಿ ಕಚ್ಚಿಕೊಂಡು ಹತ್ತಿದ. ಮೊಣಕಾಲು ಕಟಕಟ ಎಂದವು. ಅರ್ಧಕ್ಕೆ ಬಂದಾಗ ಗುರುತಿನ ಚೀಟಿ ಮೆಟ್ಟಿಲಿಗೆ ಸಿಕ್ಕಿಕೊಂಡು ಕುತ್ತಿಗೆಯನ್ನು ಜಗ್ಗಿತು. ಬಿಡಿಸಿಕೊಂಡು ಅದನ್ನು ಬೆನ್ನ ಮೇಲೆ ಎಸೆದುಕೊಂಡ.

ಇದೇ ಕಂಬ. ಆವಾಗ ಬೇವಿನ ಗಿಡ ಇಷ್ಟು ಎತ್ತರವಿರಲಿಲ್ಲ.

ಆ ಕಾಲದಲ್ಲಿ ಬಸ್ ಸ್ಟ್ಯಾಂಡ್ ಕಡೆ ಇನ್ನೊಬ್ಬ ಕೇಬಲ್ ಹಾಕಿದ್ದ. ಕಸ್ತೂರೆವ್ವನ ಗಂಡ ಚನ್ನಬಸಯ್ಯ ಅವನ ಜೊತೆ ಪಾಲುದಾರನಾದ. ಸಿದ್ದಲಿಂಗ ಭಾವನ ಜೊತೆ ಮಾತು ಬಿಟ್ಟ. ಆದರೆ ಕಸ್ತೂರೆವ್ವ ತನ್ನ ಮನೆಯಲ್ಲಿ ಗಂಡನ ಕೇಬಲ್ ಹಾಕಗೊಡಲಿಲ್ಲ. "ಇದ ನನ್ನ ತವರಮನಿ ವೈರ್. ಇದನ್ನ ಯಾರೂ ಮುಟ್ಟಬ್ಯಾಡ್ರಿ. ನಿಮ್ಮದ ಏನಿದ್ರೂ ಊರಿಗೆ ಹಂಚ್ರಿ" ಎಂದು ಗಂಡನಿಗೆ ಹೇಳಿದ್ದಳು. ಚನ್ನಬಸಯ್ಯ ತಾನೇ ಇದನ್ನು ಚಹಾದಂಗಡಿಯಲ್ಲಿ ಹೇಳಿಕೊಂಡು ನಗುತ್ತಿದ್ದ. ಎದುರಾಳಿಯ ಮನೆಯೊಳಗೆ ಸಿದ್ದಲಿಂಗನ ವೈರು ಹೋಗಿದೆ ಎಂದು ಊರು ಮಾತಾಡಿಕೊಂಡಿತು.

ವಿಶ್ವಕಪ್ ಫೈನಲ್ಲಿನ ದಿನ ಊರಿಡೀ ಟಿ.ವಿ. ಮುಂದೆ ಕೂತಿರುವಾಗ ಸಿದ್ದಲಿಂಗನ ದೊಡ್ಡ ಲೈನು ಹರಿಯಿತು. ಎಲ್ಲ ಮನೆಯಲ್ಲೂ ಕಪ್ಪು. ಜನ ಕಂಟ್ರೋಲ್ ರೂಮಿಗೆ ಬಂದು ಕಿಟಕಿಯ ಗಾಜು ಒಡೆದರು. ಆ ಜಗಳದ ದಿನಗಳಲ್ಲಿ ಯಾವ ವೈರೂ ತಾನಾಗಿ ಹರಿಯುತ್ತಿರಲಿಲ್ಲ. ಹರಿದರೆ ಅದರ ಹಿಂದೆ ಒಂದು ಕೈ ಇರಲೇಬೇಕೆಂದು ಎರಡೂ ಕಡೆಯವರು ನಂಬಿದ್ದರು. ಚನ್ನಬಸಯ್ಯನೇ ಕಡಿಸಿದ್ದಾನೆ ಎಂದು ಸಿದ್ದಲಿಂಗನಿಗೆ ಯಾರೂ ಹೇಳಬೇಕಾಗಲಿಲ್ಲ. ಏಣಿ ತೆಗೆದುಕೊಂಡು ನೇರ ಈ ಓಣಿಗೆ ಬಂದ. ಅವತ್ತು ಅಕ್ಕನ ಮಗಳು ಸುನಂದಾಳನ್ನು ನೋಡಲು ಬೀಗರು ಬಂದಿದ್ದರು. ಅಂಗಳದಲ್ಲಿ ಚಾಪೆ ಹಾಸಿತ್ತು. ತಾಟುಗಳಲ್ಲಿ ಶಿರಾ, ಅವಲಕ್ಕಿ. ಅವನಿಗೆ ಅದೇನೂ ಕಾಣಲಿಲ್ಲ, ಅಥವಾ ಕಂಡಿತು. "ಕಳ್ಳರ ಮನಿಗೆ ನನ್ನ ವೈರ್ ಯಾಕ ಬೇಕ್ರಲೇ!" ಎಂದು ಕಂಬದ ಮೇಲಿಂದ ಒದರಿ ಕಡಿದ. ಆಗ ಆ ವೈರಿನಲ್ಲಿ ಚಿತ್ರವೂ ಇರಲಿಲ್ಲ. ಆದರೂ ಕಡಿದ. ವೈರು ಹಾವಿನಂತೆ ಬಂದು ತಾಟುಗಳ ಮೇಲೆ ಬಿತ್ತು. ಬೀಗರು ಕೈ ತೊಳೆದುಕೊಂಡು ಎದ್ದರು. ಕಸ್ತೂರೆವ್ವ ಹೊಸ್ತಿಲಲ್ಲಿ ನಿಂತು ತಮ್ಮನನ್ನು ನೋಡಿದಳು.

ಸಂಜೆ ಮೋರಟಗಿ ರಸ್ತೆಯ ತಿರುವಿನಲ್ಲಿ ಹರಿದ ಜಾಗ ಸಿಕ್ಕಿತು. ವೈರಿನ ತುದಿಯಲ್ಲಿ ಜೋಳದ ಒಣದಂಟಿನ ಕಣಿಕೆ ಸಿಕ್ಕಿಕೊಂಡಿತ್ತು. ಕಣಿಕೆಯನ್ನು ಎತ್ತರಕ್ಕೆ ಹೇರಿದ ಯಾವುದೋ ಟ್ರ್ಯಾಕ್ಟರು ಎಳೆದುಕೊಂಡು ಹೋಗಿತ್ತು. ಸಿದ್ದಲಿಂಗ ಆ ಕಣಿಕೆಯನ್ನು ಕಿತ್ತು ಗಟಾರಕ್ಕೆ ಎಸೆದು, "ಬಾಯಿ ಮುಚಗೊಂಡ ಜಾಯಿಂಟ್ ಹಾಕ" ಎಂದು ಯುನೂಸನಿಗೆ ಹೇಳಿದ. ಅಲ್ಲಿಗೆ ಮುಗಿಯಿತು. ನಾಳೆ ಹೋಗಿ ಅಕ್ಕನಿಗೆ ಹೇಳಿದರಾಯಿತು ಅಂದುಕೊಂಡ. ಮರುದಿನ ಇಂಡಿಯಲ್ಲಿ ಕೆಲಸವಿತ್ತು. ಆಮೇಲೆ ಬಾಗೇವಾಡಿಯಲ್ಲಿ. ಕೆಲಸ ಯಾವಾಗಲೂ ಇತ್ತು.

ಈಗ ಅವನು ಕಂಬದ ತಲೆಯಲ್ಲಿ ನಿಂತು ಒಂದೊಂದೇ ವೈರು ಕಡಿಯತೊಡಗಿದ. ಬಿಸಿಲಿಗೆ ಒಣಗಿ ಸಿಪ್ಪೆ ಬಿರಿದ ಹಳೆಯ ವೈರುಗಳು. ಕಡಿದಂತೆಲ್ಲ ಸುರುಳಿಯಾಗಿ ಕೆಳಗೆ ಬಿದ್ದವು. ಯುನೂಸ ಅವನ್ನು ಎಳೆದು ಕಂಬದ ಬುಡದಲ್ಲಿ ಗುಡ್ಡೆ ಹಾಕಿದ. ಕೊನೆಗೆ ಒಂದು ಉಳಿಯಿತು. ಕೈಗೆ ಮೆತ್ತಗೆ ಹತ್ತಿತು. ಸಿಪ್ಪೆ ಬಿರಿದಿರಲಿಲ್ಲ. ಅದರ ಜೋಡಣೆಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಮೇಲೆ ದಾರದಿಂದ ಗಂಟು ಹಾಕಿತ್ತು. ಹೀಗೆ ಟ್ಯೂಬು ಸುತ್ತುವವನು ನಾಲ್ಕು ತಾಲೂಕಿನಲ್ಲಿ ಯುನೂಸ ಒಬ್ಬನೇ. ಒಂದು ತುದಿ ಕಂಬದ ಮೇಲಿನ ಕಂಪನಿಯ ಹೊಸ ಪೆಟ್ಟಿಗೆಗೆ ಸೇರಿದ್ದ ಆ ವೈರು ಬೇವಿನ ಟೊಂಗೆಗಳ ನಡುವೆ ನುಸುಳಿ, ಯಾರ ಕಣ್ಣಿಗೂ ಬೀಳದ ಹಾಗೆ ನೀಲಿ ಬಾಗಿಲಿನ ಮನೆಯ ಪಕ್ಕದ ಕಿಟಕಿಯೊಳಗೆ ಹೋಗಿತ್ತು.

"ಯುನೂಸ್ಯಾ. ಇದ್ಯಾವದ ಇದು?"

"ವೈರ್ ರೀ."

"ವೈರ್ ಅಂಬೂದ ನನಗೂ ಗೊತ್ತೈತಿ. ಯಾರ ಮನಿಗೆ ಹೊಂಟೈತಿ?"

"ನೀವ ಮ್ಯಾಲ ಅದೀರಿ. ನಿಮಗ ಚಂದಾಗಿ ಕಾಣತೈತಿ."

"ಯಾವಾಗ ಹಾಕಿದಿ?"

"ನೀವ ಕಡದ ವಾರದಾಗ. ಆಮ್ಯಾಲ ಎರಡ ಸಲ ವೈರ್ ಬದಲಿ ಮಾಡೇನಿ. ಸೆಟ್ ಟಾಪ್ ಡಬ್ಬಿ ಕಾಲ ಬಂದಮ್ಯಾಗ ನಮ್ಮನಿಯಾಕಿ ಮುಬೀನಾನ ಹೆಸರಿಲೆ ಒಂದ ಡಬ್ಬಿ ತಂದು ಅಕ್ಕಾರ ಮನ್ಯಾಗ ಹಚ್ಚೇನಿ. ಚನ್ನಬಸಯ್ನೋರಿಗೂ ಗೊತ್ತಿತ್ರಿ. ವೈರ್ ಹಾಕುಮುಂದ ಏಣಿ ಹಿಡದವ್ರ ಅವರು."

ಸಿದ್ದಲಿಂಗ ಟ್ಯೂಬಿನ ಗಂಟನ್ನು ಹೆಬ್ಬೆರಳಿನಿಂದ ತಿರುವಿ ನೋಡಿದ. "ನನಗ್ಯಾಕ ಹೇಳಲಿಲ್ಲಲೇ, ಹಲ್ಕಟ್?"

"ಹೇಳಿದ್ರ ಕಡೀತಿದ್ರಿ. ಈಗ ಹೇಳೇನಲ್ಲ. ಈಗೂ ಕಡೀರಿ. ಪಕ್ಕಡ ನಿಮ್ಮ ಕೈಯಾಗ ಐತಿ."

ಯುನೂಸ ಟವೆಲ್ಲು ತಲೆಗೆ ಹಾಕಿಕೊಂಡು ಬೇವಿನ ನೆರಳಿಗೆ ಹೋಗಿ ಬೆನ್ನು ತಿರುಗಿಸಿ ಕೂತ.

ಕಂಬದ ಮೇಲಿಂದ ಕಿಟಕಿಯೊಳಗೆ ಪಡಸಾಲೆ ಕಾಣುತ್ತಿತ್ತು. ಗೋಡೆಗೆ ಚನ್ನಬಸಯ್ಯನ ಫೋಟೋ, ಅದಕ್ಕೆ ವಿಭೂತಿ, ಒಣಗಿದ ಹಾರ. ಆ ಫೋಟೋ ಸಿದ್ದಲಿಂಗನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಅದು ಕಂಟ್ರೋಲ್ ರೂಮಿಗೂ ಬಂದಿತ್ತು. ಯುನೂಸನೇ ತಂದು ಮೇಜಿನ ಮೇಲೆ ಇಟ್ಟು ಹೋಗಿದ್ದ. ಸಿದ್ದಲಿಂಗ ಹಸಿರು ಪರದೆಯ ಮುಂದೆ ಕೂತು, ನಳ ಬರುವ ಓಣಿಗಳನ್ನು ಹೇಳಿ ಮುಗಿಸಿ, "ಚನ್ನಬಸಯ್ಯನವರು ಲಿಂಗೈಕ್ಯರಾಗಿದ್ದಾರೆ" ಎಂದು ಓದಿದ್ದ. ಬೇರೆಯವರ ಸುದ್ದಿ ಓದುವ ದನಿಯಲ್ಲೇ ಓದಿದ್ದ. ಆ ಫೋಟೋವನ್ನು ದಿನವಿಡೀ ತೋರಿಸಿದ್ದ. ಅಕ್ಕನನ್ನು ಮಾತಾಡಿಸಲು ಮಾತ್ರ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಬೇಕು ಎಂದು ಅವತ್ತೂ ಕೂತಿದ್ದ, ಮರುದಿನವೂ ಕೂತಿದ್ದ.

ಫೋಟೋದ ಕೆಳಗೆ ಟಿ.ವಿ. ಇತ್ತು. ಟಿ.ವಿ.ಯಲ್ಲಿ ಅವನೇ ಇದ್ದ.

ಕಸ್ತೂರೆವ್ವ ಅದರ ಮುಂದೆ ನೆಲದ ಮೇಲೆ ಕಾಲು ಚಾಚಿ ಕೂತು, ಮೊರದಲ್ಲಿ ಶೇಂಗಾ ಒಡೆಯುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಇಷ್ಟು ಸಣ್ಣಗೆ ಆಗಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. ಟಿ.ವಿ.ಯ ಸಿದ್ದಲಿಂಗ, "ಮೂವತ್ತು ವರ್ಷಗಳ ಕಾಲ ತಾವು ತೋರಿಸಿದ ಪ್ರೀತಿಗೆ..." ಎನ್ನುತ್ತಿದ್ದ.

"ಪ್ರೀತಿಯಂತ" ಎಂದಳು ಕಸ್ತೂರೆವ್ವ, ಶೇಂಗಾ ಒಡೆಯುತ್ತಲೇ. "ಮಾರಿ ನೋಡ, ಹ್ಯಾಂಗ ಸೊರಗೇತಿ. ಹೊತ್ತಿಗೆ ಸರಿಯಾಗಿ ಉಣ್ಣಂಗಿಲ್ಲ ಮೂಳ. ಕೊಳ್ಳಾಗ ಅದೇನ ಕಟಗೊಂಡಾನ, ಮಾರಾಕ ತಂದ ಹೋರಿಗೆ ಕಟ್ಟಿದಂಗ."

ಕಂಬದ ಮೇಲೆ ಸಿದ್ದಲಿಂಗನ ಕೈ ತಾನಾಗಿ ಬೆನ್ನ ಹಿಂದಿನ ಚೀಟಿಗೆ ಹೋಯಿತು.

"...ಇವತ್ತು ಸಂಜೆಯಿಂದ ನಮ್ಮ ಚಾನೆಲ್ ಪ್ರಸಾರ ಇರುವುದಿಲ್ಲ" ಎಂದ ಟಿ.ವಿ.ಯವನು.

ಕಸ್ತೂರೆವ್ವ ಶೇಂಗಾ ಒಡೆಯುವುದನ್ನು ನಿಲ್ಲಿಸಿದಳು. ಬೆಳಿಗ್ಗೆಯಿಂದ ಎಷ್ಟೋ ಸಲ ಈ ಮಾತು ಕೇಳಿರಬೇಕು. ಆದರೂ ನಿಲ್ಲಿಸಿದಳು. "ಹೂಂ. ಹಂಗಾರ ನಾಳಿಂದ ನಿನ್ನ ಮಾರೀನೂ ಇಲ್ಲ" ಎಂದಳು. ಬೈಗುಳದ ದನಿಯಲ್ಲ. ಮನೆಯಲ್ಲಿ ಎಣ್ಣೆ ತೀರಿದೆ ಎಂದು ಹೇಳುವ ದನಿ.

ಸಿದ್ದಲಿಂಗ ಪಕ್ಕಡದ ಬಾಯಿ ತೆರೆದು ವೈರಿಗೆ ಹಿಡಿದ. ಸಂಜೆ ಹೇಗೂ ಹೋಗುವುದೇ. ಈಗ ಹೋದರೇನು, ಆಗ ಹೋದರೇನು. ಫೋಟೋ ತೆಗೆದು ಭಾಗ್ಯಜ್ಯೋತಿಗೆ ಕಳಿಸಿ, ಮನೆಗೆ ಹೋಗಿ ಮಲಗಬಹುದು. ಕೈ ಬಿಗಿಯಲಿಲ್ಲ. ಬೆವರಿಗೆ ಹಿಡಿ ಜಾರಿತು. ಪಕ್ಕಡ ಟ್ಯೂಬಿನ ಗಂಟಿಗೆ ಬಡಿದು, ಎಷ್ಟೋ ಬೇಸಿಗೆ ತಡೆದಿದ್ದ ಆ ಜೋಡಣೆ ಬಿಚ್ಚಿಕೊಂಡಿತು.

ಕಿಟಕಿಯೊಳಗೆ ಟಿ.ವಿ. ನೀಲಿಯಾಯಿತು. ಅವನ ದನಿ ಅರ್ಧ ಮಾತಿಗೆ ನಿಂತಿತು.

"ಏ ಯುನೂಸಾ!" ಕಸ್ತೂರೆವ್ವ ಕೂತಲ್ಲಿಂದಲೇ ಕೂಗಿದಳು. "ಹೋತ ನೋಡೋ! ಸಂಜೀ ಮಟಾ ಇರತೈತಿ ಅಂದಿದ್ದಿ, ಈಗ ಹೋತಲ್ಲೋ!"

ನೆರಳಿನಲ್ಲಿ ಕೂತ ಯುನೂಸ ತಿರುಗಲಿಲ್ಲ.

"ಯುನೂಸಾ! ಕಿವಿ ಸತ್ತಾವೇನೋ? ಇನ್ನ ಜರಾ ನೋಡತೇನೋ ಅವನ್ನ!"

ಸಿದ್ದಲಿಂಗ ವೈರಿನ ತುದಿಯನ್ನು ಹಲ್ಲಿಗೆ ಕೊಟ್ಟ. ಹುಡುಗನಾಗಿದ್ದಾಗ ಹೀಗೆಯೇ ಸಿಪ್ಪೆ ಸುಲಿಯುತ್ತಿದ್ದ. ಈಗ ಹಲ್ಲು ಅಲುಗಾಡುತ್ತಿದ್ದವು. ರಬ್ಬರು ಉಗುಳಿದ. ಒಳಗಿನ ತಂತಿ ಹೊಳೆಯಿತು. ನಾಲಿಗೆಗೆ ತಾಮ್ರದ ರುಚಿ ಹತ್ತಿತು. ಒಂದು ಸಲಕ್ಕೆ ಕೂಡಲಿಲ್ಲ. ಮತ್ತೆ ಹಿಡಿದ, ಮತ್ತೆ ತಪ್ಪಿತು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಬಡಿದುಕೊಳ್ಳಲಿ ಎಂದು ಬಿಟ್ಟ. ತಂತಿಗೆ ತಂತಿ ಹೊಸೆದು, ಯುನೂಸನ ಟ್ಯೂಬಿನ ಪಟ್ಟಿಯನ್ನೇ ಬಿಗಿಯಾಗಿ ಸುತ್ತಿ, ಬೆರಳಿನಿಂದ ಒತ್ತಿ ಹಿಡಿದ. ಕಿಟಕಿಯೊಳಗಿನ ನೀಲಿ ಒಮ್ಮೆ ಕದಡಿತು. ಬೇವಿನ ಟೊಂಗೆ ಗಾಳಿಗೆ ಅಡ್ಡ ಬಂದು, ಟಿ.ವಿ. ಅವನಿಗೆ ಕಾಣದಾಯಿತು.

ಇನ್ನು ಕೇಳಬೇಕಾಗಿತ್ತು. ಕೇಳದೆ ಇಳಿಯುವಂತಿರಲಿಲ್ಲ.

ಅವನು ಯುನೂಸನ ಬೆನ್ನು ನೋಡಿದ. ಆ ಬೆನ್ನು ಅಲುಗಲಿಲ್ಲ.

"ಬಂತೇನು?" ಎಂದು ಕೂಗಿದ.

ಮೊರದಲ್ಲಿ ಶೇಂಗಾ ಉರುಳಿದ ಸದ್ದಾಯಿತು. ಆಮೇಲೆ ಏನೂ ಕೇಳಿಸಲಿಲ್ಲ. ಓಣಿಯ ಆಚೆ ಕೊನೆಯಲ್ಲಿ ಯಾರೋ ಕೊಡ ತೊಳೆಯುತ್ತಿದ್ದವರು ಕೈ ನಿಲ್ಲಿಸಿದರು. ಸಿದ್ದಲಿಂಗ ಜೋಡಣೆಯನ್ನು ಒತ್ತಿ ಹಿಡಿದೇ ನಿಂತ. ತೋಳು ನೋಯತೊಡಗಿತು.

ನೀಲಿ ಬಾಗಿಲು ಕಿರುಗುಟ್ಟಿತು. ಕಸ್ತೂರೆವ್ವ ಹೊರಗೆ ಬಂದಳು. ಸೆರಗಿನಿಂದ ಶೇಂಗಾ ಸಿಪ್ಪೆ ಉದುರಿದವು. ಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದು ಕಂಬದ ತಲೆಯವರೆಗೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಬಂತು" ಎಂದಳು.

ಅವನು ಕೈ ತೆಗೆಯಲಿಲ್ಲ.

"ಬಂತು ಅಂದ್ನಲ್ಲ. ಇಳಿ. ಆ ಏಣಿ ಹಿಡಿಯಾಕ ಒಬ್ಬರೂ ಇಲ್ಲ, ಮುದುಕ ಆಗಿ ಕಂಬ ಹತ್ಯಾನ, ಬುದ್ಧಿ ಅಂಬೂದ ಯಾವಾಗ ಬರತೈತ್ಯೋ ನಿನಗ?"

ಅವಳು ಕಡಿದ ವೈರುಗಳ ಗುಡ್ಡೆಯನ್ನು ಬರಿಗಾಲಿನಿಂದ ಅತ್ತ ಸರಿಸಿ ಬಂದಳು. ಶೇಂಗಾದ ಕೆಂಪು ಹೊಟ್ಟು ಹತ್ತಿದ ಎರಡೂ ಕೈಗಳಿಂದ ಏಣಿಯ ಕಾಲು ಹಿಡಿದುಕೊಂಡಳು. ಹಿಡಿದು, ಮೇಲೆ ನೋಡದೆ, ನೆಲ ನೋಡುತ್ತ ನಿಂತಳು. ಸಿದ್ದಲಿಂಗ ಒಂದು ಕಾಲನ್ನು ಕೆಳಗೆ ಬಿಟ್ಟು ಮೆಟ್ಟಿಲಿಗಾಗಿ ತಡಕಾಡಿದ. ಒಳಗೆ ಯಾರೂ ಇಲ್ಲದ ಪಡಸಾಲೆಯಲ್ಲಿ ಅವನ ದನಿ ನಾಲ್ಕೂ ತಾಲೂಕಿನ ಜನರಿಗೆ ನಮಸ್ಕಾರ ಹೇಳುತ್ತಿತ್ತು.